ಕುದಿದ ಎಂಜಿನ್: ದುರಸ್ತಿಯೋ, ಬದಲಾವಣೆಯೋ?



ಪರಿಸರದ ಸಭೆಯಲ್ಲಿ ಜೀಪಿನ ಎಂಜಿನ್ನಿನ ಮಾತೇಕೆ ಎಂಬ ಪ್ರಶ್ನೆ ಸಹಜ. ಆದರೆ ಬಸ್ಸು ಕಾಣದ ಮಲೆನಾಡಿನ ಊರುಗಳಿಗೆ ಜೀಪೇ ಆಸರೆ. ಶಾಲೆಯ ಮಕ್ಕಳು, ಹೆರಿಗೆನೋವಿನ ಹೆಣ್ಣುಮಗಳು, ಮಾರುಕಟ್ಟೆಗೆ ಹೊರಟ ಅಡಿಕೆ ಮೂಟೆ, ಎಲ್ಲರನ್ನೂ ಎಲ್ಲವನ್ನೂ ಹೊರುವುದು ಅದೇ. ಆಗುಂಬೆ, ಚಾರ್ಮಾಡಿಯಂತಹ ಘಾಟಿಯ ಏರಿನಲ್ಲಿ ಎಂಜಿನ್ ಕುದಿದು ನಿಂತರೆ ನಷ್ಟ ಮಾಲೀಕನೊಬ್ಬನದಲ್ಲ. ಅನಂತರ ಗ್ಯಾರೇಜಿನಲ್ಲಿ ಆತ ಕೈಗೊಳ್ಳುವ ತೀರ್ಮಾನವೂ ಅವನ ಕಿಸೆಗಷ್ಟೇ ಸಂಬಂಧಿಸಿದ್ದಲ್ಲ.

ಏರಿನಲ್ಲಿ ಭಾರ ಹೊತ್ತ ವಾಹನ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಸಾಗುತ್ತದೆ. ಎಂಜಿನ್ ಮಾತ್ರ ಬಿರುಸಾಗಿ ದುಡಿಯುತ್ತದೆ. ರೇಡಿಯೇಟರಿನ ಮೂಲಕ ಹಾಯುವ ಗಾಳಿ ಸಾಲದು. ಅದರ ಜಾಲರಿಗೆ ಕೆಸರು ಮೆತ್ತಿದ್ದರೆ, ಒಳಗೆ ತುಕ್ಕು ಕಟ್ಟಿದ್ದರೆ ಶಾಖ ಹೊರಹೋಗುವ ದಾರಿಯೇ ಮುಚ್ಚುತ್ತದೆ. ಆಗ ಬಿಸಿ ಇರುವಾಗಲೇ ಮುಚ್ಚಳ ತೆರೆಯುವುದು ಅಪಾಯ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ಮೀರಿದರೂ ಕುದಿಯದೆ ಇರುತ್ತದೆ. ಒತ್ತಡ ಕಳಚಿದೊಡನೆ ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಕಾದ ಲೋಹಕ್ಕೆ ಹಳ್ಳದ ತಣ್ಣೀರು ಸುರಿದರೆ ಅದು ಬಿರುಕು ಬಿಡಬಹುದು.

ತೀರ್ಮಾನಕ್ಕೆ ಮುನ್ನ ಪರೀಕ್ಷೆ ನಡೆಯಬೇಕು. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ರೇಡಿಯೇಟರಿನಲ್ಲಿ ಗುಳ್ಳೆಗಳೇಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಂಶಯ ಬಲವಾಗುತ್ತದೆ. ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯಬೇಕು. ಹೆಡ್ ಬಿಚ್ಚಿ, ನೇರಪಟ್ಟಿಯಿಟ್ಟು ಅದು ಎಷ್ಟು ಬಾಗಿದೆಯೆಂದು ನೋಡಬೇಕು. ಕೂದಲೆಳೆಯಷ್ಟು ಬಾಗಿದರೂ ಹೊಸ ಗ್ಯಾಸ್ಕೆಟ್ ನಿಲ್ಲದು. ಈ ಅಳತೆಗಳಿಲ್ಲದೆ "ಎಂಜಿನ್ ಹೋಯಿತು" ಎನ್ನುವವನ ಮಾತು ಅರ್ಧ ಸತ್ಯ.

ಹೋಸ್ ಪೈಪು, ಥರ್ಮೋಸ್ಟಾಟ್, ನೀರಿನ ಪಂಪುಗಳ ದೋಷವಾದರೆ ದುರಸ್ತಿಯೇ ಸರಿ. ಗ್ಯಾಸ್ಕೆಟ್ ಸುಟ್ಟು ಹೆಡ್ ಮಿತಿಯೊಳಗೆ ಬಾಗಿದ್ದರೆ ಯಂತ್ರದಲ್ಲಿ ಸಮಗೊಳಿಸಿ ಕೂರಿಸಬಹುದು. ಪಿಸ್ಟನ್ನು ಗೀರಿದ್ದರೆ ಬೋರಿಂಗ್ ಮಾಡಿಸುವ ದಾರಿಯಿದೆ. ಬ್ಲಾಕ್ ಬಿರುಕು ಬಿಟ್ಟಿದ್ದರೆ ಅಥವಾ ನೀರು ಬೆರೆತ ಎಣ್ಣೆಯಲ್ಲೇ ಓಡಿ ಕ್ರ್ಯಾಂಕ್ ಹಾಗೂ ಬೇರಿಂಗುಗಳು ಕೆಟ್ಟಿದ್ದರೆ ಮಾತ್ರ ಬದಲಾವಣೆಯ ಯೋಚನೆ ನ್ಯಾಯವಾದುದು. ಗುಜರಿಯಿಂದ ತಂದ ಎಂಜಿನ್ನಿನ ಪೂರ್ವಕಥೆ ಯಾರಿಗೂ ತಿಳಿಯದು. ಅದನ್ನೂ ಅಳೆದೇ ಕೊಳ್ಳಬೇಕು. ಎಂಜಿನ್ ಸಂಖ್ಯೆ ಬದಲಾದರೆ ಸಾರಿಗೆ ಕಚೇರಿಯಲ್ಲಿ ದಾಖಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕುದಿದ ಕಾರಣವನ್ನು ಸರಿಪಡಿಸದಿದ್ದರೆ ಹೊಸ ಎಂಜಿನ್ ಕೂಡ ಅದೇ ತಿರುವಿನಲ್ಲಿ ಕುದಿಯುತ್ತದೆ.

ಇನ್ನು ಪರಿಸರದ ಲೆಕ್ಕ. ಎಂಜಿನ್ನಿನ ಕಬ್ಬಿಣ ಯಾವುದೋ ಬೆಟ್ಟದ ಒಡಲಿನಿಂದ ಬಂದದ್ದು. ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಭದ್ರೆಯ ಮಡಿಲಲ್ಲಿ ಬಾಳುವವರಿಗೆ ಅದಿರಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಕದ ಬ್ಲಾಕನ್ನು ಉಳಿಸಿಕೊಳ್ಳುವುದೆಂದರೆ ಅಷ್ಟು ಅದಿರನ್ನೂ ಕುಲುಮೆಯ ಬೆಂಕಿಯನ್ನೂ ಉಳಿಸಿದಂತೆ. ಆದರೆ ಹಳತೆಲ್ಲ ಹಸಿರು ಎಂಬ ಭ್ರಮೆಯೂ ಸಲ್ಲದು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಸವೆದ ಎಂಜಿನ್ ದಿನಕ್ಕೆ ಒಂದು ಲೀಟರ್ ಹೆಚ್ಚು ಕುಡಿದರೂ ವರ್ಷಕ್ಕೆ ಅದು ಒಂದು ಟನ್ನಿನ ಸಮೀಪಕ್ಕೆ ಬರುತ್ತದೆ. ಕಪ್ಪು ಹೊಗೆಯನ್ನು ಮಿತವ್ಯಯವೆಂದು ಕರೆಯಲಾಗದು.

ದುರಸ್ತಿಯೇ ಆಗಲಿ, ಬದಲಾವಣೆಯೇ ಆಗಲಿ, ಹೊರತೆಗೆದ ಎಣ್ಣೆ ಮತ್ತು ಕೂಲೆಂಟ್ ಎಲ್ಲಿಗೆ ಹೋಗುತ್ತವೆ? ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ನಾಯಿ, ದನಗಳು ನೆಕ್ಕಿದರೆ ಪ್ರಾಣಕ್ಕೇ ಕುತ್ತು. ಗ್ಯಾರೇಜಿನ ಹಿಂದಿನ ಚರಂಡಿ ಮಳೆಗಾಲದಲ್ಲಿ ಹಳ್ಳ ಸೇರುತ್ತದೆ; ಹಳ್ಳದ ನೀರು ಕೆಳಗಿನ ತೋಟಕ್ಕೂ ಬಾವಿಗೂ ಇಳಿಯುತ್ತದೆ. ಇವನ್ನು ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿ, ಅಧಿಕೃತವಾಗಿ ಸಂಗ್ರಹಿಸುವವರಿಗೆ ಒಪ್ಪಿಸುವಂತೆ ಮಾಲೀಕನೇ ಮೇಸ್ತ್ರಿಯನ್ನು ಒತ್ತಾಯಿಸಬೇಕು.

ಏರಿನ ಮೊದಲು ನೀರಿನ ಮಟ್ಟ ನೋಡುವುದು, ಶಾಖದ ಮುಳ್ಳು ಮೇಲೇರಿದೊಡನೆ ವಾಹನ ನಿಲ್ಲಿಸುವುದು: ಈ ಎರಡು ಅಭ್ಯಾಸಗಳಿದ್ದಲ್ಲಿ ದುರಸ್ತಿಯೋ ಬದಲಾವಣೆಯೋ ಎಂಬ ಪ್ರಶ್ನೆಯೇ ಅಪರೂಪವಾದೀತು. ಘಾಟಿಯಲ್ಲಿ ಅರ್ಧ ಗಂಟೆ ಕಾಯುವ ತಾಳ್ಮೆ ಎಂಜಿನ್ನನ್ನೂ ಉಳಿಸುತ್ತದೆ, ಬೆಟ್ಟವನ್ನೂ ಅಷ್ಟಿಷ್ಟು ಉಳಿಸುತ್ತದೆ.