ಥ್ರಾಟಲ್ ಸೆನ್ಸರ್ ಕೂಡಿಸುವ ಕ್ರಮ
(ಮಾನ್ವಿಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಸಂತೆಗೂ ಆಸ್ಪತ್ರೆಗೂ ಹೋಗಿಬರಲು ಹಳೆಯ ಕಾರನ್ನು ಇಟ್ಟುಕೊಂಡವರು ನಮ್ಮಲ್ಲಿ ಇದ್ದಾರೆ. 1983ರಲ್ಲಿ ಬಂದ ಮಾರುತಿ 800ರ ಮೊದಲಿನ ಗಾಡಿಗಳಿಗೆ ಕಾರ್ಬೊರೇಟರ್ ಇತ್ತು. ಅದನ್ನು ತೆಗೆದು, ಕಂಪ್ಯೂಟರಿನ ಹತೋಟಿಯಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆಯನ್ನು ಅಳವಡಿಸುವಾಗ ಥ್ರಾಟಲ್ ಪೊಸಿಷನ್ ಸೆನ್ಸರ್ ಎಂಬ ಸಣ್ಣ ಭಾಗ ಬೇಕಾಗುತ್ತದೆ. ಈ ದಿನ ಅದನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ.

ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲ್ ಹರಿಯುತ್ತದೆಂದು ಅನೇಕರ ತಿಳಿವಳಿಕೆ. ಪೆಟ್ರೋಲ್ ಎಂಜಿನ್ನಿನಲ್ಲಿ ಆಗ ತೆರೆಯುವುದು ಗಾಳಿಯ ದಾರಿ. ತುಂಗಭದ್ರಾ ಎಡದಂಡೆ ಕಾಲುವೆಯ ತೂಬನ್ನು ನೆನೆಯಿರಿ. ಬಾಗಿಲು ಎಷ್ಟು ಎದ್ದಿದೆಯೆಂದು ಅಳತೆಪಟ್ಟಿ ತೋರಿಸುವಂತೆ, ಗಾಳಿಯ ಬಾಗಿಲು ಎಷ್ಟು ತೆರೆದಿದೆಯೆಂದು ಈ ಸೆನ್ಸರ್ ಕಂಪ್ಯೂಟರಿಗೆ ತಿಳಿಸುತ್ತದೆ. ಪಟ್ಟಿಯನ್ನು ಓರೆಯಾಗಿ ಹೊಡೆದರೆ ನೀರಿನ ಲೆಕ್ಕ ತಪ್ಪುತ್ತದೆ. ಇಲ್ಲಿಯೂ ಹಾಗೆಯೇ. ಸೆನ್ಸರ್ ಕಡಿಮೆ ಹೇಳಿದರೆ ವೇಗ ಕೊಟ್ಟಾಗ ಎಂಜಿನ್ ತಡವರಿಸಬಹುದು. ಹೆಚ್ಚು ಹೇಳಿದರೆ ಪೆಟ್ರೋಲ್ ವ್ಯರ್ಥವಾಗಬಹುದು.

ಆದುದರಿಂದ ಕಿವಿಯ ಅಂದಾಜಿನಿಂದ ಇದನ್ನು ಕೂಡಿಸಬಾರದು. ಮೀಟರಿನಿಂದ ಅಳೆದು ಕೂಡಿಸಬೇಕು. ಮೊದಲು ಕೀಲಿ ತೆಗೆದು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಗುಜರಿಯಿಂದ ತಂದ ಭಾಗವಾದರೆ ಅದರ ಕೂಡಿಕೆಯೂ ತಿರುಗುವ ದಿಕ್ಕೂ ನಮ್ಮ ಥ್ರಾಟಲಿನ ದಂಡಕ್ಕೆ ಒಪ್ಪುತ್ತವೆಯೇ ಎಂದು ನೋಡಬೇಕು, ಬಲವಂತದಿಂದ ತೂರಿಸಬಾರದು. ಸಾಮಾನ್ಯವಾಗಿ ಇದಕ್ಕೆ ಮೂರು ತಂತಿಗಳು: ಒಂದು 5 ವೋಲ್ಟಿನದು, ಒಂದು ಅರ್ಥಿಂಗಿನದು, ಒಂದು ಸುದ್ದಿ ಒಯ್ಯುವುದು. ಬ್ಯಾಟರಿಯ 12 ವೋಲ್ಟನ್ನು ಇದಕ್ಕೆ ನೇರವಾಗಿ ಕೊಡಬಾರದು. ತಂತಿಗಳು ಸೈಲೆನ್ಸರಿನ ಬಿಸಿಗೂ ಪ್ಲಗ್ಗಿನ ತಂತಿಗಳಿಗೂ ತಾಗದಂತಿರಲಿ.

ಬಳಿಕ ಬ್ಯಾಟರಿ ಜೋಡಿಸಿ, ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ, ಸುದ್ದಿಯ ತಂತಿಗೂ ಅರ್ಥಿಂಗಿಗೂ ಮೀಟರ್ ಹಚ್ಚಬೇಕು. ಬಾಗಿಲು ಮುಚ್ಚಿದಾಗ ಸಾಮಾನ್ಯವಾಗಿ ಅರ್ಧ ವೋಲ್ಟಿನ ಆಸುಪಾಸು, ಪೂರ್ಣ ತೆರೆದಾಗ 4ರಿಂದ 4.5 ವೋಲ್ಟ್ ಬರುತ್ತದೆ. ಪೆಡಲನ್ನು ನಿಧಾನವಾಗಿ ಒತ್ತಿದಾಗ ಅಂಕಿ ಒಂದೇ ಸಮನೆ ಏರಬೇಕು. ನಡುವೆ ಜಿಗಿದರೆ ಆ ಭಾಗ ಸವೆದಿದೆಯೆಂದು ತಿಳಿಯಿರಿ. ಕೊನೆಗೆ ಮುಚ್ಚಿದ ಮತ್ತು ತೆರೆದ ಎರಡು ಅಂಕಿಗಳನ್ನೂ ಕಂಪ್ಯೂಟರಿಗೆ ಕಲಿಸಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಸ್ಕ್ರೂ ಬಿಗಿದ ಮೇಲೆ ಪೆಡಲನ್ನು ಪೂರ್ತಿ ಒತ್ತಿ ಬಿಡಿ. ಗಾಳಿಯ ಬಾಗಿಲು ಸ್ಪ್ರಿಂಗಿನ ಬಲದಿಂದ ತಟ್ಟನೆ ಮುಚ್ಚಬೇಕು. ಅದು ಸಿಕ್ಕಿಕೊಂಡರೆ ದೇವದುರ್ಗದ ರಸ್ತೆಯಲ್ಲಿ ಎದುರಿಗೆ ಎತ್ತಿನ ಗಾಡಿ ಬಂದಾಗ ಕಾಲು ತೆಗೆದರೂ ಕಾರು ಓಡುತ್ತಲೇ ಇರುತ್ತದೆ. ಹಣ ಹೋದರೆ ಮತ್ತೆ ಬಂದೀತು, ಜೀವ ಹೋದರೆ ಬಾರದು.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನಗಳ ಮಾರ್ಪಾಟಿಗೆ ಮಿತಿ ಹಾಕಿದೆ. ಕೆಲಸಕ್ಕೆ ಕೈಹಾಕುವ ಮುನ್ನವೇ ರಾಯಚೂರಿನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ. ಈ ಕೆಲಸ ಬಲ್ಲ ಮೇಸ್ತ್ರಿಯ ಕೈಯಿಂದಲೇ ಆಗಲಿ. ಆದರೆ ತಾವು ಪಕ್ಕದಲ್ಲಿ ನಿಂತು, “ಮೀಟರ್ ಹಚ್ಚಿ ತೋರಿಸಪ್ಪಾ” ಎಂದು ಕೇಳಲು ಸಂಕೋಚಪಡಬೇಡಿರಿ. ತೂಕ ನೋಡದೆ ಹತ್ತಿ ಮಾರುವ ರೈತನುಂಟೇ?