ನೊಣದೊಳಗಿನ ಗಡಿಯಾರ



ಮೈಬಣ್ಣವೂ ಕಣ್ಣುಮೂಗುಗಳ ರೂಪವೂ ತಂದೆತಾಯಿಗಳಿಂದ ಮಕ್ಕಳಿಗೆ ಬರುವುವೆಂಬುದನ್ನು ಎಲ್ಲರೂ ಬಲ್ಲರು. ಏಳುವ ಮಲಗುವ ಹೊತ್ತೂ ಹಾಗೆಯೇ ವಂಶದಿಂದ ಬರುವುದೇ? ಈ ಪ್ರಶ್ನೆಗೆ ನಂಬತಕ್ಕ ಉತ್ತರವನ್ನು ಕೊಟ್ಟುದು ಕೊಳೆತ ಬಾಳೆಯಹಣ್ಣಿಗೆ ಮುತ್ತುವ ಸಣ್ಣ ನೊಣ. ಅದನ್ನು ಕಂಡುಹಿಡಿದವನು ವಿದ್ಯಾರ್ಥಿದಶೆಯಲ್ಲಿದ್ದ ಒಬ್ಬ ತರುಣನು.

ಅಮೆರಿಕೆಯ ಕ್ಯಾಲಿಫೋರ್ನಿಯಾ ತಾಂತ್ರಿಕ ವಿದ್ಯಾಲಯದಲ್ಲಿ ಸೀಮೋರ್ ಬೆಂಜರ್ ಪಂಡಿತರ ಶಿಷ್ಯನಾಗಿ ರೊನಾಲ್ಡ್ ಕೊನೊಪ್ಕನು ಸಂಶೋಧನೆಗೆ ತೊಡಗಿದನು. ಈ ನೊಣಗಳು ತಮ್ಮ ಚಿಪ್ಪನ್ನೊಡೆದು ಹೊರಬರುವುದು ಬೆಳಗಿನ ಹೊತ್ತಿನಲ್ಲಿ. ಕತ್ತಲೆಯಲ್ಲಿಟ್ಟರೂ ಸುಮಾರು 24 ಗಂಟೆಗಳಿಗೊಮ್ಮೆ ಬರುವ ಆ ಹೊತ್ತನ್ನು ಅವು ಮೀರವು. ಒಳಗೊಂದು ಗಡಿಯಾರವಿದ್ದರೆ ಅದನ್ನು ನಡೆಯಿಸುವ ವಂಶವಾಹಿಯೂ ಇರಬೇಕೆಂದು ಬಗೆದು, ಆತನು ರಾಸಾಯನಿಕ ದ್ರವ್ಯದಿಂದ ವಂಶವಾಹಿಗಳನ್ನು ಕೆಡಿಸಿ, ಅಂತಹ ನೊಣಗಳ ಸುಮಾರು 2000 ಸಂತತಿಗಳನ್ನು ಪರೀಕ್ಷಿಸಿದನು. ಮೂರು ಸಂತತಿಗಳು ಬೇರೆಯಾಗಿ ಕಂಡುವು. ಒಂದರ ದಿನವು 19 ಗಂಟೆ, ಇನ್ನೊಂದರದು 28 ಗಂಟೆ. ಮೂರನೆಯದಕ್ಕೆ ಹೊತ್ತುಗೊತ್ತೇ ಇಲ್ಲ. ಮೂರರ ದೋಷವೂ ಒಂದೇ ವಂಶವಾಹಿಯ ನೆಲೆಯಲ್ಲಿದ್ದಿತು. ಗುರುಶಿಷ್ಯರಿಬ್ಬರೂ 1971ರಲ್ಲಿ ಇದನ್ನು ಪ್ರಕಟಿಸಿದರು.

1984ರಲ್ಲಿ ಬೇರೆ ವಿದ್ವಾಂಸರು ಆ ವಂಶವಾಹಿಯನ್ನು ಬೇರ್ಪಡಿಸಿ ತೆಗೆದರು. ಅದರಿಂದ ಹುಟ್ಟುವ ಪ್ರೋಟೀನು ರಾತ್ರಿಯಲ್ಲಿ ಕೂಡಿಕೊಂಡು, ಹೆಚ್ಚಿದಾಗ ತನ್ನ ಹುಟ್ಟನ್ನು ತಾನೇ ತಡೆಯುವುದು. ಕ್ಷಯಿಸಿದ ಮೇಲೆ ಮತ್ತೆ ಹುಟ್ಟುವುದು. ಈ ಏರಿಳಿತವೇ ಗಡಿಯಾರದ ನಡೆ. ಸಂಜೆಯಲ್ಲಿಯೇ ನಿದ್ರೆಗೊಂಡು ನಸುಕಿಗೆ ಬಹು ಮುಂಚೆ ಏಳುವ ಒಂದು ಕುಟುಂಬದವರಲ್ಲಿ ಇದೇ ಬಗೆಯ ಮಾನವ ವಂಶವಾಹಿಯೊಂದು ಬದಲಾಗಿರುವುದು 2001ರಲ್ಲಿ ತಿಳಿದುಬಂದಿತು.

ಆದರೆ ವಂಶವಾಹಿಯನ್ನೇ ಹಣೆಯ ಬರೆಹವೆಂದು ತಿಳಿಯಲಾಗದು. ಒಳಗಿನ ಗಡಿಯಾರವನ್ನು ಸೂರ್ಯನ ಬೆಳಕು ದಿನದಿನವೂ ತಿದ್ದುತ್ತಿರುವುದು. ಹುಟ್ಟಿನಿಂದ ಬಂದುದರೊಡನೆ ಹೊರಗಿನ ಬೆಳಕೂ ಬಾಳನ್ನು ರೂಪಿಸುವುದು.

ಇನ್ನು ಆ ತರುಣನ ಗತಿಯೇನಾಯಿತು? ಮುಂದೆ ಆತನು ಅದೇ ವಿದ್ಯಾಲಯದಲ್ಲಿ ಅಧ್ಯಾಪಕನಾದನು. ಆದರೆ ಪ್ರಕಟಿಸಿದ ಲೇಖನಗಳು ಕಡಮೆಯಾದುದರಿಂದ ಸ್ಥಿರವಾದ ಪದವಿ ದೊರೆಯಲಿಲ್ಲ. 2015ರಲ್ಲಿ ಆತನು ತೀರಿಕೊಂಡನು. 2017ರಲ್ಲಿ ಈ ಗಡಿಯಾರದ ಮರ್ಮವನ್ನು ಬಿಡಿಸಿದುದಕ್ಕಾಗಿ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರಿಗೆ ನೊಬೆಲ್ ಪಾರಿತೋಷಕವು ಸಂದಿತು.

ವಿದ್ಯೆಗೆ ಆಶ್ರಯ ಕೊಡುವ ಹಿರಿಯರು ಇದನ್ನು ಮನನ ಮಾಡತಕ್ಕುದು. ತರುಣ ಸಂಶೋಧಕನ ಯೋಗ್ಯತೆಯನ್ನು ಪುಟಗಳ ಎಣಿಕೆಯಿಂದ ಅಳೆದರೆ ಒಂದು ದೊಡ್ಡ ಸತ್ಯದ ಬೆಲೆ ತಿಳಿಯದೆ ಹೋದೀತು. ತರುಣರೂ ಧೈರ್ಯಗೆಡಬೇಕಾದುದಿಲ್ಲ. ಬಿತ್ತಿದವನು ಉಣ್ಣಲಿಲ್ಲವೆಂದು ಬೆಳೆಯು ಸುಳ್ಳಾಗದು. ಆದರೆ ಬಿತ್ತಿದವನಿಗೂ ಒಂದು ತುತ್ತು ಸಲ್ಲುವಂತೆ ನೋಡಿಕೊಳ್ಳುವುದು ಸಮಾಜದ ಧರ್ಮ.