ಪುಟದ ಲೆಕ್ಕ, ಓದುಗರ ಲೆಕ್ಕ

(ಸಂಘದ ಪ್ರಕಟಣ ಸಮಿತಿಯ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಪುಸ್ತಕವೆಂದೊಡನೆ ನಾವು ಲೇಖಕನನ್ನು ನೆನೆಯುತ್ತೇವೆ. ಹೆಚ್ಚೆಂದರೆ ಮುಖಪುಟದ ಕಲಾವಿದನನ್ನು. ಒಳಪುಟ ಹೇಗಿರಬೇಕೆಂಬ ನಿರ್ಣಯವನ್ನು ಮುದ್ರಣಾಲಯಕ್ಕೆ ಬಿಟ್ಟು ಕೈತೊಳೆದುಕೊಳ್ಳುತ್ತೇವೆ. ಹೊರನಾಡಿನ ಸಂಘಗಳಿಗೆ ಈ ಉದಾಸೀನ ದುಬಾರಿಯಾದುದು.

ತಾಳೆಗರಿಯ ಕಾಲದಲ್ಲಿ ಎಣಿಕೆ ಗರಿಗೆ, ಪುಟಕ್ಕಲ್ಲ. ದಾರ ಪೋಣಿಸುವ ರಂಧ್ರದ ಸುತ್ತ ಲಿಪಿಕಾರ ಜಾಗ ಬಿಟ್ಟು ಬರೆಯುತ್ತಿದ್ದ. ಯುರೋಪಿನ ಮುದ್ರಣದಲ್ಲಿಯೂ ಹಾಳೆಯ ಎರಡೂ ಬದಿಗೆ ಅಂಕಿ ಹಾಕುವ ಕ್ರಮ ಕೂಡಲೇ ಬರಲಿಲ್ಲ. ವೆನಿಸ್ಸಿನ ಆಲ್ಡಸ್ ಮನೂಷಿಯಸ್ 1499ರಲ್ಲಿ ಪೆರೊಟ್ಟಿಯ 'ಕಾರ್ನುಕೋಪಿಯೆ'ಯನ್ನು ಹಾಗೆ ಅಚ್ಚು ಮಾಡಿದ್ದು ಆರಂಭದ ಪ್ರಯೋಗಗಳಲ್ಲೊಂದು. ಅದು ಲ್ಯಾಟಿನ್ ಪದಗಳ ವಿಚಾರದ ಬೃಹದ್ಗ್ರಂಥ. ಪದ ಹುಡುಕುವವನಿಗೆ ಪುಟಸಂಖ್ಯೆ ಬೇಕೇ ಬೇಕು.

ಇನ್ನು ಫಾರಂ ವಿಚಾರ. ಡೆಮಿ 1/8 ಆಕಾರದಲ್ಲಿ ಸಾಮಾನ್ಯವಾಗಿ 16 ಪುಟಕ್ಕೊಂದು ಫಾರಂ. ಗ್ರಂಥಪಾಠ 167 ಪುಟವಾಯಿತೆನ್ನಿ. ಹತ್ತು ಫಾರಂಗೆ 160. ಮಿಕ್ಕ 7 ಪುಟ ಉಳಿಯಿತು. ಆಗ ಯಾರಾದರೊಬ್ಬರು, "ಅಕ್ಷರವನ್ನು ಒಂದು ಪಾಯಿಂಟ್ ಕಿರಿದು ಮಾಡಿ, ಸಾಲು ಒತ್ತರಿಸಿ, 160ಕ್ಕೆ ಮುಗಿಸಿರಿ" ಎನ್ನುತ್ತಾರೆ. ಕೇಂದ್ರ ಸರಕಾರದ ಕಡತಗಳ ನಡುವೆ ಬಾಳಿದ ನನಗೆ ಮಿತವ್ಯಯದ ಈ ವಾದ ಚಿರಪರಿಚಿತ. ಉಳಿಯುವುದು ಕಾಗದ, ಹೋಗುವವರು ಓದುಗರು.

ಇಂಗ್ಲಿಷಿಗೆ ಸಾಕಾಗುವ ಸಾಲುಗಳ ಅಂತರ ಕನ್ನಡಕ್ಕೆ ಸಾಲದು. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಸಾಲು ಒತ್ತಿದಷ್ಟೂ ಮೇಲಿನ ಒತ್ತು ಕೆಳಗಿನ ತಲೆಕಟ್ಟಿನ ಮೇಲೆ ಬೀಳುತ್ತದೆ. ಊರಿನಲ್ಲಿ ದಿನವೂ ಕನ್ನಡ ಓದುವವನು ಅರ್ಧ ಕಂಡರೂ ಊಹಿಸಿಯಾನು. ಶಾಲೆಯಲ್ಲಿ ಮರಾಠಿಯನ್ನೋ ತಮಿಳನ್ನೋ ಕಲಿತು, ಸಂಘದ ಭಾನುವಾರದ ತರಗತಿಯಲ್ಲಿ ಅಕ್ಷರ ಕೂಡಿಸುವ ನಮ್ಮ ಮಕ್ಕಳು ಹಾಗೆ ಊಹಿಸಲಾರರು. 'ಮನೆಯ' ಎಂಬುದು ಒಂದು ಪುಟದ ಅಡಿಯಲ್ಲಿ, 'ಲ್ಲಿ' ಮುಂದಿನ ಪುಟದ ತಲೆಯಲ್ಲಿ ಬಿದ್ದರಂತೂ ಅವರ ಓದು ಅಲ್ಲಿಗೇ ನಿಂತಿತು. ಕಂಪ್ಯೂಟರು ಇಂಥದ್ದನ್ನು ಸಂಕೋಚವಿಲ್ಲದೆ ಮಾಡುತ್ತದೆ. ತಿದ್ದಬೇಕಾದವರು ಕರಡು ನೋಡುವ ನಾವು. ಪೊರೆ ಬಂದ ಕಣ್ಣಿನ ಹಿರಿಯರ ಪಾಡೂ ಇದಕ್ಕಿಂತ ಭಿನ್ನವಲ್ಲ. ನಮ್ಮ ಪುಸ್ತಕಗಳನ್ನು ಕೊಂಡು ಓದುವವರಲ್ಲಿ ಹೆಚ್ಚಿನವರು ಅವರೇ.

ಹಾಗಾದರೆ 7 ಪುಟವನ್ನು ಏನು ಮಾಡುವುದು? ಕೊನೆಗೆ ಒಂದು ಖಾಲಿ ಪುಟ ಸೇರಿಸಿದರೆ 8. ಶೀರ್ಷಿಕೆ, ಮುನ್ನುಡಿ, ಪರಿವಿಡಿಗಳಿಗೆ ಹೇಗೂ ರೋಮನ್ ಅಂಕಿಯ ಪ್ರತ್ಯೇಕ ಎಣಿಕೆ ಇರುತ್ತದೆ. ಮುನ್ನುಡಿ ತಡವಾದರೂ ಒಳಗಿನ ಎಣಿಕೆ ಕದಲದಿರಲೆಂದೇ ಆ ಏರ್ಪಾಟು. ಆ ಭಾಗವನ್ನೂ 8 ಪುಟಕ್ಕೆ ಮಿತಗೊಳಿಸಿದರೆ ಎರಡು ಅರ್ಧಗಳನ್ನು ಒಂದೇ ಫಾರಂನಲ್ಲಿ ಅಚ್ಚು ಹಾಕಿಸಿ, ಕತ್ತರಿಸಿ, ಆದಿಗೊಂದು ಅಂತ್ಯಕ್ಕೊಂದು ಹೊಲಿಸಬಹುದು. ಒಟ್ಟು ಹನ್ನೊಂದು ಫಾರಂ, 176 ಪುಟ. ಹೀಗೆ ಮಾಡಲು ಕೈಬಿಡಬೇಕಾದುದು ಗಣ್ಯರ ಶುಭಸಂದೇಶಗಳನ್ನು. (ಅವನ್ನು ಕಳಿಸಿದವರೂ ಓದುವುದಿಲ್ಲವೆಂಬುದು ನನ್ನ ಅನುಮಾನ.)

ಆದ್ದರಿಂದ ನನ್ನ ಸೂಚನೆ ಇಷ್ಟು: ಅಕ್ಷರದ ಗಾತ್ರವನ್ನೂ ಸಾಲಂತರವನ್ನೂ ಮೊದಲು ನಿಗದಿಪಡಿಸಿ, ಪುಟದ ಅಂದಾಜನ್ನು ಆಮೇಲೆ ಹಾಕೋಣ. ಮಾದರಿಗಾಗಿ ನಾಲ್ಕು ಪುಟ ಅಚ್ಚು ಮಾಡಿಸಿ, ಭಾನುವಾರದ ತರಗತಿಯ ಒಂದು ಮಗುವಿನಿಂದಲೂ ಎಪ್ಪತ್ತು ದಾಟಿದ ಒಬ್ಬ ಸದಸ್ಯರಿಂದಲೂ ಗಟ್ಟಿಯಾಗಿ ಓದಿಸೋಣ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಹಾಕಿಕೊಂಡು, ಬಳಿಕ ಮುದ್ರಣಾಲಯಕ್ಕೆ ಒಪ್ಪಿಗೆ ಕೊಡೋಣ.